ವಿಕೋಪ ಪರಿಹಾರ: ದನಕರುಗಳಿಗೂ ಜೇನುಪೆಟ್ಟಿಗೆಗೂ ದಾಖಲೆ ಅಗತ್ಯ

ನೆರೆ, ಬರ, ಸಾಂಕ್ರಾಮಿಕ ರೋಗಗಳು ಬಂದಾಗ ರೈತನಿಗೆ ಬೆಳೆಯ ಜೊತೆಗೆ ದನಕರುಗಳೂ ನಷ್ಟವಾಗುತ್ತವೆ. ಇಂತಹ ಸಮಯದಲ್ಲಿ ಸರ್ಕಾರದಿಂದ ಪರಿಹಾರಧನ ದೊರೆಯುವುದುಂಟು. ಆದರೆ ರಾಸು ಸತ್ತ ಮೊದಲ ದಿನ ರೈತನು ಮಾಡಿಟ್ಟುಕೊಳ್ಳುವ ದಾಖಲೆಯ ಮೇಲೆಯೇ ಈ ಹಣ ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಜಾನುವಾರುಗಳಿಗೆ ಎಷ್ಟು?

ರಾಜ್ಯ ವಿಪತ್ತು ಪರಿಹಾರ ನಿಧಿಯ 2022-26ರ ಅವಧಿಯ ನಿಯಮಗಳಲ್ಲಿ, ಘೋಷಿತ ಪ್ರಕೃತಿ ವಿಕೋಪದಲ್ಲಿ ಸತ್ತ ಹಸು ಅಥವಾ ಎಮ್ಮೆಗೆ ರೂ. 37,500, ಎತ್ತಿಗೆ ರೂ. 32,000, ಕರುವಿಗೆ ರೂ. 20,000, ಕುರಿ, ಮೇಕೆ ಅಥವಾ ಹಂದಿಗೆ ರೂ. 4,000 ಎಂದು ಗೊತ್ತುಪಡಿಸಲಾಗಿತ್ತು. ಒಂದು ಕುಟುಂಬಕ್ಕೆ 3 ದೊಡ್ಡ ಹೈನುರಾಸು ಅಥವಾ 30 ಸಣ್ಣ ಪ್ರಾಣಿಗಳ ಮಿತಿಯಿತ್ತು. ಕೋಳಿಗೆ ತಲಾ ರೂ. 100ರಂತೆ ರೂ. 10,000 ಮೀರದಂತೆ ಕೊಡಬಹುದಿತ್ತು. ದರಗಳು ಆಗಿಂದಾಗ್ಗೆ ಪರಿಷ್ಕೃತವಾಗುವುದರಿಂದ ಚಾಲ್ತಿಯಲ್ಲಿರುವ ದರವನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಆಕಸ್ಮಿಕ ಸಾವುಗಳಿಗಾಗಿ ರಾಜ್ಯದ 'ಅನುಗ್ರಹ' ಯೋಜನೆ ಬೇರೆಯೇ ಇದೆ. ಅದರ ವಿವರ ಪಶು ಆಸ್ಪತ್ರೆಯಲ್ಲಿ ದೊರೆಯುತ್ತದೆ.

ರೋಗದ ಹಾವಳಿಗೆ ಸರ್ಕಾರ ಪ್ರತ್ಯೇಕ ಆದೇಶ ಹೊರಡಿಸುವುದೂ ಉಂಟು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಕರ್ನಾಟಕ ಸರ್ಕಾರವು ಸತ್ತ ಹಸುವಿಗೆ ರೂ. 20,000, ಎತ್ತಿಗೆ ರೂ. 30,000 ಮತ್ತು ಕರುವಿಗೆ ರೂ. 5,000 ಪರಿಹಾರ ಪ್ರಕಟಿಸಿತು.

ಜೇನುಕೃಷಿಕರ ಸ್ಥಿತಿ

ಮೇಲೆ ಹೇಳಿದ ನಿಯಮಗಳಲ್ಲಿ ರೇಷ್ಮೆ ಕೃಷಿಗೆ ಸ್ಥಾನವಿದೆ, ಜೇನು ಕುಟುಂಬಕ್ಕೆ ಇಲ್ಲ. ಜೇನಿಗೆ ಬರುವ ವಿಪತ್ತು ಚಿಕ್ಕದೇನೂ ಅಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗವು ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿ ಬಹುಪಾಲು ಕುಟುಂಬಗಳನ್ನು ನಾಶಮಾಡಿತು. 2020-21ರಲ್ಲಿ ಆರಂಭವಾದ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನುತುಪ್ಪ ಮಿಷನ್ ಈ ಉದ್ಯೋಗವನ್ನು ಬೆಳೆಸುವ ಯೋಜನೆಯೇ ಹೊರತು ವಿಕೋಪ ಪರಿಹಾರದ ಯೋಜನೆಯಲ್ಲ.

ಅಮೆರಿಕದಲ್ಲಿ 2014ರ ಕೃಷಿ ಕಾಯಿದೆಯ ಪ್ರಕಾರ ನಡೆಯುವ ತುರ್ತು ನೆರವಿನ ಯೋಜನೆಯೊಂದು ಜಾನುವಾರು, ಜೇನು ಮತ್ತು ಸಾಕಿದ ಮೀನುಗಳನ್ನು ಒಟ್ಟಿಗೆ ಪರಿಗಣಿಸುತ್ತದೆ. ಸಾಮಾನ್ಯವಾಗಿ ಸಾಯುವಷ್ಟು ಜೇನು ಕುಟುಂಬಗಳನ್ನು ಬಿಟ್ಟು, ಅದಕ್ಕಿಂತ ಹೆಚ್ಚಿನ ನಷ್ಟಕ್ಕೆ ಮಾತ್ರ ಅಲ್ಲಿ ಹಣ ಕೊಡುತ್ತಾರೆ. ಎಂದರೆ ಮೊದಲು ಎಷ್ಟು ಕುಟುಂಬಗಳಿದ್ದವು ಎಂಬ ಲೆಕ್ಕವಿಲ್ಲದವನಿಗೆ ನಷ್ಟವನ್ನು ತೋರಿಸಲು ದಾರಿಯೇ ಇಲ್ಲ. ನಮ್ಮ ಜೇನುಕೃಷಿಕರೂ ಪರಿಹಾರ ಕೇಳಬೇಕಾದರೆ ಕೈಯಲ್ಲಿ ಲೆಕ್ಕವಿರಬೇಕು.

ಅನುಸರಿಸಬೇಕಾದ ಕ್ರಮಗಳು

1. ಪ್ರತಿ ರಾಸಿಗೂ 12 ಅಂಕಿಗಳ ಕಿವಿಯೋಲೆ ಹಾಕಿಸಿ, ಅದರ ಸಂಖ್ಯೆಯನ್ನು ಮನೆಯಲ್ಲಿ ಬರೆದಿಡಿ. ಲಸಿಕೆ ಹಾಕಿಸಿದ ದಿನಾಂಕವನ್ನೂ ಬರೆಯಿರಿ.

2. ರಾಸು ಸತ್ತ ಕೂಡಲೇ ಪಶುವೈದ್ಯರಿಗೂ ಗ್ರಾಮ ಆಡಳಿತ ಅಧಿಕಾರಿಗೂ ತಿಳಿಸಿ. ಅವರು ನೋಡುವ ಮೊದಲು ಕಳೇಬರವನ್ನು ಹೂಳಬೇಡಿ. ಕಿವಿಯೋಲೆ ಕಾಣುವಂತೆ ಛಾಯಾಚಿತ್ರ ತೆಗೆಯಿರಿ. ಮರಣೋತ್ತರ ವರದಿ ಮತ್ತು ಮಹಜರಿನ ಪ್ರತಿ ಪಡೆಯಿರಿ.

3. ರಾಸು ಹಠಾತ್ತನೆ ಸತ್ತು, ಮೂಗು ಗುದದ್ವಾರಗಳಿಂದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗವಿರಬಹುದು. ಕಳೇಬರವನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಈ ರೋಗ ಮನುಷ್ಯರಿಗೂ ತಗಲುತ್ತದೆ.

4. ಜೇನುಪೆಟ್ಟಿಗೆಗಳಿಗೆ ಬಣ್ಣದಿಂದ ಸಂಖ್ಯೆ ಬರೆಯಿರಿ. ಒಂದು ಪುಸ್ತಕದಲ್ಲಿ ಪ್ರತಿ ತಿಂಗಳೂ ಕುಟುಂಬಗಳ ಸಂಖ್ಯೆ, ಮರಿಹುಳುಗಳ ಸ್ಥಿತಿ ಮತ್ತು ತೆಗೆದ ತುಪ್ಪದ ತೂಕವನ್ನು ಗುರುತಿಸಿ. ಪೆಟ್ಟಿಗೆ ಕೊಂಡ ರಸೀದಿಗಳನ್ನು ಜೋಪಾನ ಮಾಡಿ.

5. 2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಮಧುಕ್ರಾಂತಿ' ಅಂತರ್ಜಾಲ ತಾಣದಲ್ಲಿ ಜೇನುಕೃಷಿಕರೆಂದು ನೋಂದಾಯಿಸಿಕೊಳ್ಳಿ.

6. ಪೆಟ್ಟಿಗೆಯ ಮುಂದೆ ಸತ್ತ ನೊಣಗಳ ರಾಶಿ ಕಂಡರೆ, ಅಥವಾ ಎರಿಯಲ್ಲಿ ಮರಿಹುಳುಗಳು ನೀರು ತುಂಬಿದ ಚೀಲದಂತೆ ಸತ್ತಿದ್ದರೆ, ಅಂದೇ ತೋಟಗಾರಿಕೆ ಇಲಾಖೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ.

ಜೇನು ಸಹಕಾರ ಸಂಘಗಳು ಸದಸ್ಯರ ಈ ಲೆಕ್ಕಗಳನ್ನು ವರ್ಷಕ್ಕೊಮ್ಮೆ ಒಟ್ಟುಗೂಡಿಸಿಡುವುದು ಒಳ್ಳೆಯದು. ಮುಂದೆ ರೋಗವೋ ನೆರೆಯೋ ಬಂದಾಗ ಒಬ್ಬೊಬ್ಬರ ಅರ್ಜಿಗಿಂತ, ಎಷ್ಟು ಕುಟುಂಬಗಳಲ್ಲಿ ಎಷ್ಟು ನಾಶವಾದವೆಂದು ತೋರಿಸುವ ಸಂಘದ ಪಟ್ಟಿಗೆ ಹೆಚ್ಚಿನ ಬಲವಿರುತ್ತದೆ. ಚರ್ಮಗಂಟು ರೋಗಕ್ಕೆ ಬಂದಂತಹ ಪ್ರತ್ಯೇಕ ಆದೇಶವನ್ನು ಜೇನಿಗೂ ಕೇಳಲು ಆ ಪಟ್ಟಿಯೇ ಆಧಾರವಾಗುವುದು.