ಲಕ್ಷಪಟ್ಟು ಹಿಗ್ಗಿಸಿ ನೋಡಿದರೆ

ಕೆರೆ, ತೊಟ್ಟಿಗಳಲ್ಲಿ ಬೆಳೆಯುವ ಹೈಡ್ರಿಲ್ಲಾ ಗಿಡದ ಎಲೆಯ ದಪ್ಪ ಎರಡೇ ಜೀವಕೋಶ. ಬ್ಲೇಡಿನಿಂದ ಸೀಳುವ ಕಷ್ಟವಿಲ್ಲ. ಒಂದೆಲೆ ಕಿತ್ತು, ಗಾಜಿನ ಪಟ್ಟಿಯ ಮೇಲೆ ಹನಿ ನೀರಿನಲ್ಲಿಟ್ಟು, ಮೇಲೊಂದು ಕವರ್‌ಸ್ಲಿಪ್ ಮುಚ್ಚಿದರೆ ಆಯಿತು. ಮೊದಲ ಸಲ ಹಾಗೆ ಮಾಡಿ 400 ಪಟ್ಟು ಹಿಗ್ಗಿಸಿ ನೋಡಿದಾಗ ನನಗೆ ಕಂಡದ್ದು ಇಟ್ಟಿಗೆ ಗೋಡೆಯಂಥ ಕೋಶಗಳ ಸಾಲು, ಅವುಗಳ ಅಂಚಿಗೆ ಅಂಟಿಕೊಂಡ ಹಸಿರು ಗುಳಿಗೆಗಳು. ದೀಪದ ಬೆಳಕು ಬಿದ್ದು ಕೆಲವು ನಿಮಿಷ ಕಳೆದಿತ್ತು. ಒಂದು ಗುಳಿಗೆ ಅಲುಗಿತು. ಅದರ ಹಿಂದಿನದೂ ಹೊರಟಿತು. ನೋಡನೋಡುತ್ತಿದ್ದಂತೆ ಆ ಕೋಶದ ಹಸಿರೆಲ್ಲ ತೇರಿನ ಹಿಂದಿನ ಜನದಂತೆ ಒಂದೇ ದಿಕ್ಕಿಗೆ ಸಾಗಿ, ಮೂಲೆ ಬಂದಾಗ ತಿರುಗಿ, ಗೋಡೆಗುಂಟ ಮತ್ತೆ ಮುಂದುವರಿಯಿತು. ಗಿಡ ಎಂದರೆ ನಿಂತಲ್ಲೇ ನಿಲ್ಲುವ ಜೀವ ಎಂದು ನಂಬಿದ್ದ ನಾನು ಕಣ್ಣು ತೆಗೆಯದೆ ಕುಳಿತುಬಿಟ್ಟೆ.

ಆ ಗುಳಿಗೆಗಳೇ ಕ್ಲೋರೋಪ್ಲಾಸ್ಟ್‌ಗಳು, ಎಲೆಯ ಅಡುಗೆಮನೆಗಳು. ಒಂದೊಂದರ ಅಗಲ ಸುಮಾರು 5 ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ಇನ್ನೂರನೇ ಒಂದು ಪಾಲು. ಸಾಮಾನ್ಯ ಎಲೆಯೊಂದರ ಒಂದು ಚದರ ಮಿಲಿಮೀಟರಿನ ಕೆಳಗೆ ಇಂಥವು ಸುಮಾರು 5 ಲಕ್ಷ ಇರುತ್ತವೆ. ಅಂಗೈಯಗಲದ ಎಲೆ 60 ಚದರ ಸೆಂಟಿಮೀಟರ್ ಎಂದುಕೊಂಡರೆ 300 ಕೋಟಿ. ಅಂಥ ಮೂರು ಎಲೆ ಕೈಯಲ್ಲಿ ಹಿಡಿದವರ ಮುಷ್ಟಿಯಲ್ಲಿ ಭೂಮಿಯ ಮೇಲಿರುವ ಮನುಷ್ಯರಿಗಿಂತ ಹೆಚ್ಚು ಕ್ಲೋರೋಪ್ಲಾಸ್ಟ್‌ಗಳಿವೆ.

ಎಣಿಸಿ ಬೆರಗಾಗುವುದು ಸೂಕ್ಷ್ಮದರ್ಶಕದ ವಿದ್ಯೆಯ ಹುಟ್ಟುಗುಣ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳು ಚೂರನ್ನು ಮಸೂರದ ಕೆಳಗಿಟ್ಟು ಪುಟ್ಟ ಕೋಣೆಗಳನ್ನು ಕಂಡ. ಒಂದು ಘನ ಅಂಗುಲದಲ್ಲಿ ಅಂಥ ಕೋಣೆ 1,25,97,12,000 ಎಂದು ಲೆಕ್ಕ ಹಾಕಿದ. ಕಣ್ಣಾರೆ ಕಾಣದಿದ್ದರೆ ನಂಬಲಾಗದ ಮಾತು ಎಂದೂ ಬರೆದ. ಆದರೆ ಕಾರ್ಕು ಸತ್ತ ತೊಗಟೆ. ಅವನು ನೋಡಿದ್ದು ಬಿಟ್ಟುಹೋದ ಮನೆಗಳ ಗೋಡೆ ಮಾತ್ರ.

ಮನೆಯೊಳಗಿನ ಸಂಸಾರ ನೋಡಬೇಕಾದರೆ ಅಳತೆಯನ್ನು ನಮ್ಮ ಮಟ್ಟಕ್ಕೆ ತರಬೇಕು. ಎಲ್ಲವನ್ನೂ ಒಂದು ಲಕ್ಷ ಪಟ್ಟು ಹಿಗ್ಗಿಸೋಣ. 50 ಮೈಕ್ರೊಮೀಟರಿನ ಕೋಶ 5 ಮೀಟರ್ ಉದ್ದದ ಕೋಣೆಯಾಗುತ್ತದೆ. ಕ್ಲೋರೋಪ್ಲಾಸ್ಟು ಅರ್ಧ ಮೀಟರಿನ ಹಲಸಿನಹಣ್ಣು. ಮೈಟೊಕಾಂಡ್ರಿಯ, ಪೆರಾಕ್ಸಿಸೋಮ್ ಎಂಬ ಚಿಕ್ಕ ಕಣದಂಗಗಳು ಮೋಸಂಬಿ ಗಾತ್ರಕ್ಕೆ ಬರುತ್ತವೆ. ಕೋಣೆಯ ಬಹುಭಾಗವನ್ನು, ಬಲಿತ ಕೋಶದಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಪಾಲನ್ನು, ರಸದಾನಿ ಎಂಬ ನೀರಿನ ಚೀಲವೇ ನುಂಗಿಹಾಕಿರುತ್ತದೆ. ಉಬ್ಬಿದ ಆ ಚೀಲಕ್ಕೂ ಗೋಡೆಗೂ ನಡುವಿನ ಸಂದಿನಲ್ಲಿ ಉಳಿದವರೆಲ್ಲರ ವಾಸ. ಆ ಇಕ್ಕಟ್ಟಿನಲ್ಲೇ ಓಡಾಟ ಕೂಡ. ತಂಬಾಕಿನ ಕೋಶಗಳಲ್ಲಿ ಗಾಲ್ಜಿ ಎಂಬ ಪದರಗಟ್ಟಿದ ತಟ್ಟೆಗಳು ಓಡುತ್ತವೆ, ಫಕ್ಕನೆ ನಿಲ್ಲುತ್ತವೆ, ಮತ್ತೆ ಓಡುತ್ತವೆ. 1999ರಲ್ಲಿ ಅಳೆದಾಗ ಅವುಗಳ ವೇಗ ಸೆಕೆಂಡಿಗೆ 4 ಮೈಕ್ರೊಮೀಟರ್ ಮುಟ್ಟಿತ್ತು. ನಮ್ಮ ಕೋಣೆಯಲ್ಲಾದರೆ ಗೋಡೆಯಿಂದ ಗೋಡೆಗೆ ಹನ್ನೆರಡು ಸೆಕೆಂಡು. ಕೊಳದ ತಳದಲ್ಲಿ ಬೆಳೆಯುವ ಕಾರಾ ಎಂಬ ಪಾಚಿಯದು ಇನ್ನೂ ದೊಡ್ಡ ಕತೆ. ಅದರ ಒಂದೊಂದು ಕೋಶ ಹಲವು ಸೆಂಟಿಮೀಟರ್ ಉದ್ದ. ಒಳಗಿನ ದ್ರವದ ಹರಿವು ಸೆಕೆಂಡಿಗೆ 100 ಮೈಕ್ರೊಮೀಟರ್ ತನಕ. ಲಕ್ಷಪಟ್ಟಿನ ಲೆಕ್ಕದಲ್ಲಿ ಅದು ಹತ್ತು ಸೆಕೆಂಡಿಗೆ ನೂರು ಮೀಟರ್, ಒಲಿಂಪಿಕ್ ಓಟಗಾರನ ವೇಗ, ಅದೂ ಕಿಲೋಮೀಟರುಗಟ್ಟಲೆ ದಣಿವಿಲ್ಲದೆ.

ಇಷ್ಟೆಲ್ಲ ಓಡಾಟದ ನಡುವೆ ಯಾರು ಯಾರ ಪಕ್ಕ ನಿಲ್ಲುತ್ತಾರೆ? ನನ್ನನ್ನು ಹಿಡಿದಿಟ್ಟ ಪ್ರಶ್ನೆ ಇದು. ಕಣದಂಗಗಳು ಬರೀ ತಾಗಿ ಹೋಗುವುದಿಲ್ಲ. ಕೆಲವು ಕಡೆ ಎರಡರ ಪೊರೆಗಳು 10ರಿಂದ 30 ನ್ಯಾನೊಮೀಟರ್ ಅಂತರಕ್ಕೆ ಬಂದು ನಿಂತು, ಸರಕು ದಾಟಿಸುತ್ತವೆ. ನಮ್ಮ ಕೋಣೆಯಲ್ಲಿ ಹಲಸಿಗೂ ಮೋಸಂಬಿಗೂ ನಡುವೆ ಉಳಿದ ಜಾಗ ಒಂದರಿಂದ ಮೂರು ಮಿಲಿಮೀಟರ್. ಆದರೆ ಬೆಳಕಿಗೆ ತನ್ನದೇ ಮೊಂಡುತನವಿದೆ. 1873ರಲ್ಲಿ ಜರ್ಮನಿಯ ಎರ್ನ್ಸ್ಟ್ ಅಬ್ಬೆ ತೋರಿಸಿಕೊಟ್ಟಂತೆ, ಮಸೂರ ಎಷ್ಟೇ ಚೆನ್ನಾಗಿರಲಿ, ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರದ ಎರಡು ಬಿಂದುಗಳು ಕಲಸಿ ಒಂದಾಗಿ ಕಾಣುತ್ತವೆ. ಎರಡು ಸೆಂಟಿಮೀಟರಿನ ಮಬ್ಬಿನಲ್ಲಿ ಒಂದು ಮಿಲಿಮೀಟರಿನ ಸಂದು ಹುಡುಕಬೇಕು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಆ ಸಂದು ಕಾಣುತ್ತದೆ. 1969ರಲ್ಲಿ ಅಮೆರಿಕದ ಸೂ ಎಲೆನ್ ಫ್ರೆಡರಿಕ್ ಮತ್ತು ಎಲ್ಡನ್ ನ್ಯೂಕಂಬ್ ತಂಬಾಕಿನ ಎಲೆಯಲ್ಲಿ ಪೆರಾಕ್ಸಿಸೋಮ್ ಕ್ಲೋರೋಪ್ಲಾಸ್ಟಿಗೆ ಒತ್ತಿಕೊಂಡು ಕೂತ ಚಿತ್ರ ತೆಗೆದರು. ಆದರೆ ಆ ಯಂತ್ರಕ್ಕೆ ಕೋಶವನ್ನು ಕೊಂದು, ಗಟ್ಟಿ ಮಾಡಿ, 70 ನ್ಯಾನೊಮೀಟರಿನ ಹಾಳೆಗಳಾಗಿ ಹೆಚ್ಚಿ ಕೊಡಬೇಕು. ಒಂದೇ ಕೋಶಕ್ಕೆ ಏಳುನೂರಕ್ಕೂ ಹೆಚ್ಚು ಹಾಳೆ! ಆ ನಿಶ್ಚಲ ಚಿತ್ರ ನೋಡಿ ಇವೆರಡೂ ಜತೆಗಿದ್ದವೋ, ದಾರಿಯಲ್ಲಿ ಎದುರಾದವೋ ಎಂದು ಹೇಳುವುದು ಹೇಗೆ?

ಬದುಕಿದ ಕೋಶಕ್ಕೆ ದೀಪ ಹಚ್ಚಿಕೊಟ್ಟದ್ದು ಕಡಲಿನ ಅಂಬಲಿ ಮೀನು. ಒಸಾಮು ಶಿಮೊಮುರಾ 1962ರಲ್ಲಿ ಅದರಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನು ಕಂಡರು. ತಮ್ಮ ಸಂಶೋಧನೆಗಾಗಿ ವರ್ಷ ವರ್ಷ ಸೇರಿ ಅವರು ಹಿಡಿದ ಅಂಬಲಿ ಮೀನುಗಳ ಸಂಖ್ಯೆ 8 ಲಕ್ಷ ಮೀರುತ್ತದೆ. 2008ರ ನೊಬೆಲ್ ಅವರಿಗೂ ಮಾರ್ಟಿನ್ ಚಾಲ್ಫಿ, ರೋಜರ್ ಚಿಯೆನ್ ಅವರಿಗೂ ಸಂದಿತು. ಆ ಪ್ರೋಟೀನಿನ ಉದ್ದ 4 ನ್ಯಾನೊಮೀಟರ್, ನಮ್ಮ ಕೋಣೆಯಲ್ಲಿ ಸಣ್ಣ ರವೆಯ ಒಂದು ಕಾಳು. ಬೇಕಾದ ಕಣದಂಗಕ್ಕೆ ಅದನ್ನು ಅಂಟಿಸಿ ನೀಲಿ ಲೇಸರ್ ಹಾಯಿಸಿದರೆ ಅದು ಹಸಿರಾಗಿ ಬೆಳಗುತ್ತದೆ. ಕ್ಲೋರೋಪ್ಲಾಸ್ಟಿಗಂತೂ ಯಾವ ಬಣ್ಣವೂ ಬೇಡ, ಪತ್ರಹರಿತ್ತು ತಾನಾಗಿಯೇ ಕೆಂಪಗೆ ಹೊಳೆಯುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಹಲಸುಗಳು, ಅವುಗಳ ಮಗ್ಗುಲಿಗೆ ಹಸಿರು ಮೋಸಂಬಿಗಳು.

ಇವೆರಡಕ್ಕೆ ನಂಟೇಕೆ ಬೇಕು? ಕ್ಲೋರೋಪ್ಲಾಸ್ಟಿನೊಳಗೆ ರುಬಿಸ್ಕೊ ಎಂಬ ಕಿಣ್ವವಿದೆ. ನೆಲದ ಸಸ್ಯಗಳು ವರ್ಷಕ್ಕೆ ಸುಮಾರು 12,000 ಕೋಟಿ ಟನ್ ಇಂಗಾಲವನ್ನು ಗಾಳಿಯಿಂದ ಹಿಡಿಯುವುದು ಇದರ ಕೈಯಿಂದಲೇ. ಆದರೆ ಅದರ ಒಂದು ಅಣು ಸೆಕೆಂಡಿಗೆ ಮೂರು ಸಲದಷ್ಟೇ ಕೆಲಸ ಮಾಡುತ್ತದೆ. ಅದರಲ್ಲೂ ಸರಿಸುಮಾರು ನಾಲ್ಕರಲ್ಲಿ ಒಂದು ಸಲ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದು ಎಡವುತ್ತದೆ. ಬಿಸಿಲೇರಿದಷ್ಟೂ ಎಡವುವುದು ಹೆಚ್ಚು. ಹಾಗೆ ಹುಟ್ಟಿದ ನಿರುಪಯುಕ್ತ ವಸ್ತುವನ್ನು ಸರಿಪಡಿಸಲು ಅದು ಪೆರಾಕ್ಸಿಸೋಮಿಗೆ, ಅಲ್ಲಿಂದ ಮೈಟೊಕಾಂಡ್ರಿಯಕ್ಕೆ, ಮತ್ತೆ ಪೆರಾಕ್ಸಿಸೋಮಿಗೆ, ಕೊನೆಗೆ ಕ್ಲೋರೋಪ್ಲಾಸ್ಟಿಗೆ ಅಲೆಯಬೇಕು. ಈ ಸುತ್ತಿನಲ್ಲಿ ನಾಲ್ಕು ಇಂಗಾಲದಲ್ಲಿ ಮೂರು ಉಳಿಯುತ್ತವೆ. ದಾರಿಯಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಎಂಬ ವಿಷವನ್ನು ಪೆರಾಕ್ಸಿಸೋಮಿನ ಕ್ಯಾಟಲೇಸ್ ಒಡೆಯುತ್ತದೆ, ಒಂದು ಅಣು ಸೆಕೆಂಡಿಗೆ ದಶಲಕ್ಷಗಟ್ಟಲೆ. ಮೂರು ಸಲ ದುಡಿಯುವವನ ತಪ್ಪನ್ನು ದಶಲಕ್ಷ ಸಲ ದುಡಿಯುವವನು ಪಕ್ಕದಲ್ಲೇ ನಿಂತು ತಿದ್ದುತ್ತಿದ್ದಾನೆ.

ಆ ಹಿಡಿತ ನಿಜವಾದದ್ದೇ ಎಂದು ತಿಳಿಯಲು ಜಪಾನಿನ ಕಜುಸಾಟೊ ಓಯಿಕಾವಾ ಮತ್ತು ಸಂಗಡಿಗರು 2015ರಲ್ಲಿ ಮಾಡಿದ ಪ್ರಯೋಗ ನನಗೆ ಬಹಳ ಪ್ರಿಯ. ಅವರು ಬಳಸಿದ್ದು ಫೆಮ್ಟೊಸೆಕೆಂಡ್ ಲೇಸರ್. ಒಂದು ಫೆಮ್ಟೊಸೆಕೆಂಡಿನ ಮುಂದೆ ಒಂದು ಸೆಕೆಂಡು ಎಷ್ಟು ದೊಡ್ಡದೋ, ಒಂದು ಸೆಕೆಂಡಿನ ಮುಂದೆ 3 ಕೋಟಿ 17 ಲಕ್ಷ ವರ್ಷ ಅಷ್ಟು ದೊಡ್ಡದು. ಅಂಥ ಮಿಂಚನ್ನು ಪೆರಾಕ್ಸಿಸೋಮಿನ ಸಮೀಪ ಬಿಟ್ಟಾಗ ಹುಟ್ಟುವ ಪುಟ್ಟ ಆಘಾತ ಅದನ್ನು ತಳ್ಳುತ್ತದೆ. ಕತ್ತಲಲ್ಲಿಟ್ಟ ಎಲೆಯಲ್ಲಿ ಪೆರಾಕ್ಸಿಸೋಮ್ ಗುಂಡಗಿತ್ತು, ತಳ್ಳಿದರೆ ಸುಲಭವಾಗಿ ಬಿಟ್ಟುಕೊಟ್ಟಿತು. ಬೆಳಕಿನಲ್ಲಿದ್ದ ಎಲೆಯಲ್ಲಿ ಅದು ಉದ್ದುದ್ದ ಚಪ್ಪಟೆಯಾಗಿ ಕ್ಲೋರೋಪ್ಲಾಸ್ಟಿಗೆ ಮೈಯೊಡ್ಡಿ ಕೂತಿತ್ತು, ತಳ್ಳಿದರೂ ಬಿಡಲಿಲ್ಲ. ಮರುವರ್ಷ ಇಂಗ್ಲೆಂಡಿನ ಇಮೋಜೆನ್ ಸ್ಪಾರ್ಕ್ಸ್ ಮತ್ತು ಸಂಗಡಿಗರು ತಂಬಾಕಿನ ಕೋಶದಲ್ಲಿ ಬೆಳಕಿನ ಚಿಮಟದಿಂದಲೇ ಪೆರಾಕ್ಸಿಸೋಮನ್ನು ಹಿಡಿದೆಳೆದರು. ಆ ಎಳೆತದ ಮಾಪನ ಪಿಕೊನ್ಯೂಟನ್: ನೂರು ಗ್ರಾಂ ಹಣ್ಣನ್ನು ಎತ್ತುವ ಬಲದ ಲಕ್ಷ ಕೋಟಿಯಲ್ಲಿ ಒಂದು ಪಾಲು. ಎಳೆದು ಬಿಟ್ಟ ಪೆರಾಕ್ಸಿಸೋಮ್ ಮತ್ತೆ ಕ್ಲೋರೋಪ್ಲಾಸ್ಟಿನ ಕಡೆಗೇ ಜಗ್ಗಿಕೊಂಡು ಹೋಯಿತು.

ರಾಗಿ, ಜೋಳ, ಕಬ್ಬು ರುಬಿಸ್ಕೊ ಎಡವುವ ಈ ತೊಂದರೆಯನ್ನು ಬೇರೆ ಉಪಾಯದಿಂದ ಬಹುಮಟ್ಟಿಗೆ ತಪ್ಪಿಸಿಕೊಂಡಿವೆ. ಭತ್ತಕ್ಕೆ ಆ ಅದೃಷ್ಟವಿಲ್ಲ. ಆದರೆ 2009ರಲ್ಲಿ ಟ್ಯಾಮಿ ಸೇಜ್ ಮತ್ತು ರೋವನ್ ಸೇಜ್ ಭತ್ತದ ಎಲೆಯ ಕೋಶಗಳನ್ನು ಅಳೆದು ನೋಡಿದಾಗ ಕಂಡದ್ದು ಇದು: ಕೋಶದ ಹೊರ ಅಂಚಿನ ಶೇಕಡ 95ಕ್ಕೂ ಹೆಚ್ಚು ಭಾಗವನ್ನು ಕ್ಲೋರೋಪ್ಲಾಸ್ಟ್‌ಗಳು ಮತ್ತು ಅವು ಚಾಚಿದ ತೆಳು ನಾಳಗಳು ಬೇಲಿ ಹಾಕಿದಂತೆ ಮುಚ್ಚಿವೆ. ಮೈಟೊಕಾಂಡ್ರಿಯಗಳು ಬೇಲಿಯ ಒಳಮಗ್ಗುಲಿಗೆ, ಕ್ಲೋರೋಪ್ಲಾಸ್ಟ್‌ಗಳಿಗೆ ತಾಗಿಕೊಂಡು ಕೂತಿವೆ. ಮಟಮಟ ಮಧ್ಯಾಹ್ನದ ಗದ್ದೆಯಲ್ಲಿ ಮೈಟೊಕಾಂಡ್ರಿಯದಿಂದ ಕೈತಪ್ಪಿದ ಆ ನಾಲ್ಕನೇ ಇಂಗಾಲ ಹೊರಗಾಳಿ ಸೇರಬೇಕಾದರೆ ಹಸಿರು ಬೇಲಿಯನ್ನು ದಾಟಬೇಕು. ನುಸುಳಲು ಉಳಿದ ಸಂದು ನೂರಕ್ಕೆ ಐದಕ್ಕಿಂತ ಕಡಿಮೆ. ಉಳಿದೆಡೆಯೆಲ್ಲ ರುಬಿಸ್ಕೊ ಅದನ್ನು ಇನ್ನೊಮ್ಮೆ ಹಿಡಿಯಲು ಕಾದಿರುತ್ತದೆ.