ಅರಗಿನ ಬಳೆ

ಅರಗಿನ ಮನೆಯ ಕಥೆಯನ್ನು ಕೇಳದ ಮಕ್ಕಳು ನಮ್ಮ ನಾಡಿನಲ್ಲಿ ವಿರಳ. ಪಾಂಡವರನ್ನು ಸುಡಲು ದುರ್ಯೋಧನನು ಅರಗನ್ನೇ ಆರಿಸಿಕೊಂಡನು. ಬೆಂಕಿಗೆ ಅದು ಬಹು ಬೇಗ ವಶವಾಗುವ ವಸ್ತು. ಆದರೆ ಹಿತಮಿತವಾದ ಶಾಖದಲ್ಲಿ ಅದೇ ಅರಗು ಮರದ ತುಂಡೊಂದನ್ನು ಹೇಗೆ ಆಭರಣವನ್ನಾಗಿ ಮಾಡುವುದೆಂಬುದನ್ನು ಚನ್ನಪಟ್ಟಣದಲ್ಲಿ ಕಾಣಬಹುದು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಈ ಊರು ಬಣ್ಣದ ಗೊಂಬೆಗಳಿಗೆ ಪ್ರಸಿದ್ಧವಾದುದು. ಟೀಪು ಸುಲ್ತಾನನ ಆಳ್ವಿಕೆಯಲ್ಲಿ, ಎಂದರೆ 1782ರಿಂದ 1799ರ ವರೆಗಿನ ಕಾಲದಲ್ಲಿ, ಪಾರಸಿಕ ದೇಶದ ಕುಶಲಿಗಳಿಂದ ಈ ವಿದ್ಯೆ ಇಲ್ಲಿಗೆ ಬಂದಿತೆಂದು ಪ್ರತೀತಿ. ಗೊಂಬೆಗಳೊಡನೆ ಬಳೆ, ಮಣಿಸರ, ಕಿವಿಯ ಓಲೆ, ಕುಂಕುಮದ ಭರಣಿಗಳೂ ಇಲ್ಲಿ ಸಿದ್ಧವಾಗುವುವು.

ಇದಕ್ಕೆ ಬೇಕಾದುದು ಹಾಲೆಯ ಮರ, ಅಲ್ಲಿಯವರು ಆಲೆಮರವೆನ್ನುವರು. ದಂತದಂತೆ ಬೆಳ್ಳಗೆ, ನುಣುಪಾದ ಮರವಿದು. ಕಡಿದ ಮರವನ್ನು ತಿಂಗಳುಗಟ್ಟಲೆ ಒಣಗಿಸಿದ ಮೇಲೆಯೇ ಕೆಲಸಕ್ಕೆ ತೆಗೆದುಕೊಳ್ಳುವರು. ಅರಗನ್ನಾದರೋ ಕೊಡುವುದು ಒಂದು ಸಣ್ಣ ಹುಳು. ಮುತ್ತುಗ, ಬೋರೆ ಮುಂತಾದ ಮರಗಳ ರಸವನ್ನು ಹೀರಿ, ಅದು ತನ್ನ ಮೈಯ ಸುತ್ತಲೂ ಸುರಿಸಿಕೊಳ್ಳುವ ಅಂಟೇ ಅರಗು. ಇದನ್ನು ಕಾಯಿಸಿ, ಬಣ್ಣ ಬೆರೆಸಿ, ಕಡ್ಡಿಗಳನ್ನಾಗಿ ಮಾಡಿಟ್ಟುಕೊಳ್ಳುವರು.

ಕುಂಚಕ್ಕೆ ಇಲ್ಲಿ ಕೆಲಸವಿಲ್ಲ. ಕಡಸಲು ಯಂತ್ರದಲ್ಲಿ ರಭಸದಿಂದ ತಿರುಗುತ್ತಿರುವ ಮರವನ್ನು ಉಳಿಯಿಂದ ಬಳೆಯ ಆಕಾರಕ್ಕೆ ತಂದು, ಮೈ ನುಣುಪು ಮಾಡಿ, ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುವರು. ತಿಕ್ಕಾಟದಿಂದ ಹುಟ್ಟಿದ ಶಾಖಕ್ಕೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುವುದು. ಬಳಿಕ ತಾಳೆಗರಿಯಿಂದ ಒತ್ತಿ ತಿಕ್ಕಲು, ಬಣ್ಣವು ಎಲ್ಲೆಡೆಯೂ ಸಮವಾಗಿ ಹರಡಿ ಕನ್ನಡಿಯಂತೆ ಹೊಳೆಯುವುದು. ಒತ್ತಡ ಹೆಚ್ಚಾದರೂ ಕಡಿಮೆಯಾದರೂ ಕೆಲಸ ಕೆಡುವುದು. ಆ ಹದವನ್ನು ಬಲ್ಲುದು ಕುಶಲಿಯ ಕೈಯೊಂದೇ.

ಕೊಳ್ಳುವಾಗ ಬಣ್ಣ ಯಾವುದೆಂದು ಕೇಳುವುದು ಒಳ್ಳೆಯದು. ಅರಿಸಿನದಿಂದ ಹಳದಿ, ನೀಲಿಯ ಗಿಡದಿಂದ ನೀಲಿ, ಹೀಗೆ ಸಸ್ಯಗಳ ಬಣ್ಣವನ್ನು ಬಳಸುವವರುಂಟು. ಸೀಸ ಬೆರೆತ ಬಣ್ಣಗಳು ಮಕ್ಕಳಿಗೆ ವಿಷವಾದುದರಿಂದ, ಎಳೆಯ ಕೂಸುಗಳಿರುವ ಮನೆಯಲ್ಲಿ ಈ ಎಚ್ಚರಿಕೆ ಅವಶ್ಯಕ. ಅರಗು ಶಾಖಕ್ಕೆ ಮೆತ್ತಗಾಗಿ ಮದ್ಯಸಾರದಲ್ಲಿ ಕರಗುವುದು. ಆದಕಾರಣ ಇಂತಹ ಬಳೆಗಳನ್ನು ಬಿಸಿನೀರಿನಿಂದಲೂ ಸುಡುಬಿಸಿಲಿನಿಂದಲೂ ಮದ್ಯಸಾರವುಳ್ಳ ಸುಗಂಧದ್ರವ್ಯಗಳಿಂದಲೂ ದೂರವಿಡಬೇಕು. ಒಣಬಟ್ಟೆಯಿಂದ ಒರಸಿದರೆ ಸಾಕು.

2005-06ರ ಸಾಲಿನಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಸರ್ಕಾರದ ಭೌಗೋಳಿಕ ಗುರುತು ದೊರೆಯಿತು. ಬೇರೆಡೆಯಲ್ಲಿ ಮಾಡಿದ ಗೊಂಬೆಗಳನ್ನು ಈ ಊರಿನ ಹೆಸರಿನಲ್ಲಿ ಮಾರುವುದು ನ್ಯಾಯವಲ್ಲವೆಂದಾಯಿತು. ಆದರೆ ಗುರುತು ಹೆಸರನ್ನು ಕಾಯಬಲ್ಲುದೇ ಹೊರತು ಹೊಟ್ಟೆಯನ್ನು ತುಂಬಲಾರದು. ಅಚ್ಚಿನಲ್ಲಿ ಸಾವಿರಗಟ್ಟಲೆ ಬೀಳುವ ಪ್ಲಾಸ್ಟಿಕ್ಕಿನ ಬಳೆಯೊಡನೆ, ಒಂದೊಂದಾಗಿ ಕಡೆದು ತೆಗೆದ ಬಳೆಯು ಬೆಲೆಯಲ್ಲಿ ಸೆಣಸುವುದೆಂತು? ಕೆಲಸಗಾರರಲ್ಲಿ ಅನೇಕರಿಗೆ ಕೂಲಿ ದೊರೆಯುವುದು ಮಾಡಿದ ವಸ್ತುಗಳ ಎಣಿಕೆಯ ಮೇಲೆ. ಸಂತೆಯಲ್ಲಿ ನಾವು ಚೌಕಾಸಿ ಮಾಡಿ ಉಳಿಸಿದ ಹಣವು ಕೊನೆಗೆ ಅವರ ಕೂಲಿಯಿಂದಲೇ ಮುರಿಯಬಹುದು.

ಮುತ್ತೈದೆಯ ಕೈಗೆ ಬಳೆ ತೊಡಿಸುವುದನ್ನು ನಮ್ಮ ಹಿರಿಯರು ಮಂಗಳಕಾರ್ಯವೆಂದರು. ಆ ಬಳೆಯನ್ನು ಕಡೆದವನ ಮನೆಯಲ್ಲಿಯೂ ಒಲೆ ಉರಿಯುವಂತಾದರೆ ಆ ಮಂಗಳವು ಪೂರ್ಣವಾಗುವುದು.