ಅಹವಾಲು: ಒಂದು ನಗರ ಮೌಖಿಕ ಪ್ರಕಾರ (ಶಾಸಕರ ವಾರದ ಜನಸಂಪರ್ಕವನ್ನು ಕುರಿತು)

ಕನ್ನಡದಲ್ಲಿ ನಗರ ಜಾನಪದದ ಅಧ್ಯಯನ ಬಹುಮಟ್ಟಿಗೆ ಕರಗ, ಜಾತ್ರೆ, ಗ್ರಾಮದೇವತೆಗಳ ಸುತ್ತಲೇ ನಡೆದಿದೆ. ನಗರವೇ ರೂಪಿಸಿಕೊಂಡ ಮಾತಿನ ಪ್ರಕಾರಗಳು ನಮ್ಮ ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಜಾನಪದವೆಂದರೆ ಸಣ್ಣ ಗುಂಪುಗಳಲ್ಲಿ ನಡೆಯುವ ಕಲಾತ್ಮಕ ಸಂವಹನವೆಂದು ಡಾನ್ ಬೆನ್-ಅಮೋಸ್ 1971ರಲ್ಲಿ ಪ್ರತಿಪಾದಿಸಿದರು. ಕಚೇರಿಯ ಕಾಗದಪತ್ರಗಳ ನಡುವೆಯೂ ಜಾನಪದವುಂಟೆಂದು ಅಲನ್ ಡಂಡೆಸ್ ಮತ್ತು ಕಾರ್ಲ್ ಪ್ಯಾಗ್ಟರ್ 1975ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಈ ಎರಡನ್ನೂ ಒಪ್ಪುವುದಾದರೆ, ಶಾಸಕರ ಮನೆ ಇಲ್ಲವೆ ಕಚೇರಿಯ ಮುಂದೆ ವಾರವಾರವೂ ಜನ ಹೇಳಿಕೊಳ್ಳುವ ಅಹವಾಲನ್ನು ಮೌಖಿಕ ಪ್ರಕಾರವೆಂದು ಪರಿಗಣಿಸಬೇಕಾಗುತ್ತದೆ. ಪಶ್ಚಿಮ ಬೆಂಗಳೂರಿನ ಆರ್‌ಪಿಸಿ ಲೇಔಟನ್ನು ನಿದರ್ಶನವಾಗಿಟ್ಟುಕೊಂಡು ಆ ಪ್ರಕಾರದ ಸ್ವರೂಪವನ್ನೂ, ಶಾಸನಸಭೆಯನ್ನು ತಲುಪುವ ಹೊತ್ತಿಗೆ ಅದರಲ್ಲಾಗುವ ಮಾರ್ಪಾಡನ್ನೂ ಇಲ್ಲಿ ವಿವೇಚಿಸಲಾಗಿದೆ.

ಮೊದಲು ಪದವನ್ನೇ ನೋಡಬಹುದು. ಅಹವಾಲು ಎಂಬುದು ಅರಬ್ಬಿಯ 'ಹಾಲ್' ಶಬ್ದದ ಬಹುವಚನದಿಂದ, ಪಾರಸಿ ಆಡಳಿತ ಭಾಷೆಯ ಮೂಲಕ ಕನ್ನಡಕ್ಕೆ ಬಂದದ್ದು. ಸ್ಥಿತಿಗತಿಗಳು ಎಂದು ಅದರ ಅರ್ಥ. ಅರ್ಜಿ, ಶಿಫಾರಸು, ಫಿರ್ಯಾದುಗಳೂ ಅದೇ ದಾರಿಯಲ್ಲಿ ಬಂದವು. ಮೊರೆ, ದೂರು, ಬಿನ್ನಹಗಳು ನಮ್ಮಲ್ಲಿ ಮೊದಲಿನಿಂದ ಇದ್ದವು. ದೂರಿಗೆ ಎದುರಾಳಿಯೊಬ್ಬನಿರಬೇಕು, ಅರ್ಜಿಗೆ ನಿರ್ದಿಷ್ಟ ಬೇಡಿಕೆಯಿರಬೇಕು. ಅಹವಾಲಿಗೆ ಇವೆರಡೂ ಕಡ್ಡಾಯವಲ್ಲ. ತನ್ನ ಸ್ಥಿತಿಯನ್ನು ಹೇಳಿಕೊಳ್ಳುವುದೇ ಅದರ ಜೀವಾಳ. ಆದ್ದರಿಂದಲೇ ಅದು ಸ್ವಭಾವತಃ ಕಥನ.

ಹಂಪಿನಗರವೆಂದೂ ಕರೆಯಲಾಗುವ ಆರ್‌ಪಿಸಿ ಲೇಔಟ್ ವಿಜಯನಗರ ಬಡಾವಣೆಗೆ ಹೊಂದಿಕೊಂಡಿದೆ. ಸಾಮ್ರಾಜ್ಯದ ನೆನಪನ್ನು ಹೊತ್ತ ಈ ಹೊಸ ಹೆಸರುಗಳ ಮಗ್ಗುಲಲ್ಲಿಯೇ ಅತ್ತಿಗುಪ್ಪೆ, ಹೊಸಹಳ್ಳಿ ಎಂಬ ಊರ ಹೆಸರುಗಳು ಉಳಿದುಕೊಂಡಿವೆ. 2015ರಲ್ಲಿ ಆರಂಭವಾದ ಮೆಟ್ರೊ ನಿಲ್ದಾಣಗಳಿಗೂ ಎರಡೂ ಬಗೆಯ ಹೆಸರುಗಳು ಸಂದಿವೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬಿನ್ನಿಪೇಟೆ ಕ್ಷೇತ್ರ ಇಲ್ಲವಾಗಿ ವಿಜಯನಗರ, ಗೋವಿಂದರಾಜನಗರ ಕ್ಷೇತ್ರಗಳು ಬಂದವು. ಈ ಬಡಾವಣೆ ವಿಜಯನಗರಕ್ಕೆ ಸೇರಿತು. ಅಲ್ಲಿಂದ 2023ರವರೆಗಿನ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿಯೂ ಎಂ. ಕೃಷ್ಣಪ್ಪ ಅವರೇ ಆಯ್ಕೆಯಾಗಿದ್ದಾರೆ. ಪ್ರತಿನಿಧಿ ಬದಲಾಗದಿದ್ದಾಗ ಅಹವಾಲಿನ ದಾರಿಯೂ ಜನರ ನೆನಪಿನಲ್ಲಿ ಗಟ್ಟಿಯಾಗುತ್ತದೆ. ಆದರೆ ಮುಂದೆ ಹೇಳುವುದು ಒಬ್ಬ ಶಾಸಕರ ಕಾರ್ಯವೈಖರಿಯನ್ನಲ್ಲ, ನಗರದ ಕ್ಷೇತ್ರಗಳಿಗೆಲ್ಲ ಸಮಾನವಾದ ಒಂದು ರೂಢಿಯನ್ನು ಎಂಬುದನ್ನು ಗಮನಿಸಬೇಕು.

ಕುಡಿಯುವ ನೀರು, ಒಳಚರಂಡಿ, ಖಾತೆ, ಪಡಿತರ ಚೀಟಿ, ವಿಧವಾ ವೇತನ, ಆಸ್ಪತ್ರೆಯ ಖರ್ಚು, ಶಾಲೆಯ ಸೀಟು ಇವು ಅಹವಾಲಿನ ಸಾಮಾನ್ಯ ವಸ್ತುಗಳು. ಹೇಳುವ ಕ್ರಮ ಮಾತ್ರ ವಸ್ತುವಿಗೆ ಅಧೀನವಲ್ಲ. ಬಂದವರು ನೇರವಾಗಿ ವಿಷಯಕ್ಕೆ ಇಳಿಯುವುದಿಲ್ಲ. ತಾವು ಯಾವ ಅಡ್ಡರಸ್ತೆಯವರು, ಯಾರ ಮನೆಯವರು, ಹಿಂದೆ ಎಂದು ಭೇಟಿಯಾಗಿದ್ದರು ಎಂಬುದು ಮೊದಲು ಬರುತ್ತದೆ. ಗುರುತು ಹೇಳದೆ ಕಷ್ಟ ಹೇಳಿದರೆ ಅದಕ್ಕೆ ತೂಕವಿಲ್ಲವೆಂಬ ನಂಬಿಕೆ ಇದರ ಹಿಂದಿದೆ. ಬಳಿಕ ಅಲೆದಾಟದ ಕಥೆ. ಮೊದಲ ಕಚೇರಿಯವರು ಎರಡನೆಯದಕ್ಕೆ ಕಳುಹಿಸಿದರು, ಅಲ್ಲಿ ಮೂರನೆಯ ಕಾಗದ ಕೇಳಿದರು ಎಂದು ಸಾಗುವ ಈ ಭಾಗ ರಚನೆಯಲ್ಲಿ ನಮ್ಮ ಸರಪಣಿ ಕಥೆಗಳನ್ನೇ ಹೋಲುತ್ತದೆ. ಬೇಡಿಕೆ ಬರುವುದು ಕೊನೆಗೆ, ಅದೂ ಅರ್ಧ ವಾಕ್ಯದಲ್ಲಿ: 'ನೀವೊಂದು ಮಾತು ಹೇಳಿದ್ರೆ...' ಆ ವಾಕ್ಯವನ್ನು ಪೂರ್ತಿ ಮಾಡುವುದು ಕೇಳುವವರ ಕೆಲಸ. ಸಂಬೋಧನೆಯೂ ನಡುವೆ ಬದಲಾಗುತ್ತದೆ. 'ಸಾರ್' ಎಂದು ಆರಂಭಿಸಿದವರು ಕಷ್ಟದ ಭಾಗಕ್ಕೆ ಬಂದಾಗ 'ಅಣ್ಣಾ' ಎನ್ನುತ್ತಾರೆ.

ಉತ್ತರಗಳೂ ಸೂತ್ರಬದ್ಧವಾದವು. 'ನೋಡೋಣ', 'ಹೇಳ್ತೀನಿ', 'ಮಾಡ್ಸೋಣ' ಎಂಬ ಮೂರು ಮಾತುಗಳು ಅರ್ಥದಲ್ಲಿ ಹತ್ತಿರವೆನಿಸಿದರೂ ಫಲದಲ್ಲಿ ಬೇರೆಬೇರೆ ಎಂದು ಕಾಯುವ ಜನ ಬಲ್ಲರು. ದೇವರ ಮುಂದೆ ಹೂವಿನ ಅಪ್ಪಣೆ ಕೇಳಿ ಕುಳಿತವರು ಹೂ ಬಲಕ್ಕೆ ಬಿತ್ತೋ ಎಡಕ್ಕೋ ಎಂದು ನೋಡುವಂತೆ, ಇಲ್ಲಿ ಕ್ರಿಯಾಪದವನ್ನು ನೋಡುತ್ತಾರೆ. 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ವಿಧಾನಸೌಧದ ಮೇಲೆಯೇ ಬರೆದಿರುವ ನಾಡಿನಲ್ಲಿ ಈ ಹೋಲಿಕೆ ತೀರ ಕೃತಕವಾಗಲಾರದು. ಆದರೆ ಹೋಲಿಕೆಗೆ ಮಿತಿಯೂ ಉಂಟು. ದೇವರು ಐದು ವರ್ಷಕ್ಕೊಮ್ಮೆ ಭಕ್ತರ ಮನೆ ಬಾಗಿಲಿಗೆ ಬಂದು ಕೈಮುಗಿಯುವುದಿಲ್ಲ. ಅಹವಾಲು ಹೇಳುವವರ ದನಿಯಲ್ಲಿ ವಿನಯದ ಜೊತೆಗೆ ಸಲುಗೆಯ ಆಕ್ಷೇಪವೂ ಬೆರೆತಿರುವುದು ಇದರಿಂದಲೇ.

ವಿಪರ್ಯಾಸವೆಂದರೆ, ಕೇಳುವ ಬಹುಪಾಲು ಕೆಲಸಗಳ ಮೇಲೆ ಶಾಸಕರಿಗೆ ಕಾನೂನಿನ ಅಧಿಕಾರವಿಲ್ಲ. ನೀರು ಜಲಮಂಡಳಿಯದು, ವಿದ್ಯುತ್ ಬೆಸ್ಕಾಂನದು, ಖಾತೆ ಪಾಲಿಕೆಯದು, ವೇತನ ಕಂದಾಯ ಇಲಾಖೆಯದು. ಗ್ರಾಮೀಣ ಭಾಗದಲ್ಲಿ ಬಗರ್ ಹುಕುಂ ಸಾಗುವಳಿಯ ಸಕ್ರಮ ಸಮಿತಿಗೆ ಶಾಸಕರು ಅಧ್ಯಕ್ಷರು. ಅಲ್ಲಿ ಅವರ ಮಾತಿಗೆ ಶಾಸನದ ಬಲವಿದೆ. ಆರ್‌ಪಿಸಿ ಲೇಔಟಿನಂತಹ ಬಡಾವಣೆಯಲ್ಲಿ ಸಾಗುವಳಿಯೇ ಇಲ್ಲ. ಸ್ಥಳೀಯ ಪ್ರದೇಶಾಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಉಂಟಾದರೂ ಶಾಸಕರು ಸೂಚಿಸಬಹುದು, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಮತ್ತೆ ಉಳಿಯುವುದು ಶಿಫಾರಸು ಪತ್ರ ಮತ್ತು ದೂರವಾಣಿ, ಅಂದರೆ ಮಾತೇ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಅದರ ಸ್ಥಾನಕ್ಕೆ ಬರುವವರೆಗೂ ಚುನಾವಣೆ ನಡೆಯಲಿಲ್ಲ. ವಾರ್ಡಿನ ಸದಸ್ಯರಿಗೆ ಹೇಳಬೇಕಾಗಿದ್ದ ಬೀದಿದೀಪ, ಚರಂಡಿಯ ಮಾತುಗಳೂ ಆ ಐದು ವರ್ಷ ಶಾಸಕರ ಬಾಗಿಲಿಗೇ ಬಂದವು.

ಈ ರೂಢಿಗೆ ನಮ್ಮಲ್ಲಿ ಇತಿಹಾಸವೂ ಇದೆ. ದಿವಾನ್ ರಂಗಾಚಾರ್ಲು ಅವರು ಆರಂಭಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರ ಅಕ್ಟೋಬರ್ 7ರಂದು 144 ಸದಸ್ಯರೊಡನೆ ಮೊದಲ ಬಾರಿ ಸೇರಿತು, ದಸರೆಯ ಕಾಲದಲ್ಲಿ. ಶಾಸನ ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ಸದಸ್ಯರು ತಂತಮ್ಮ ಸೀಮೆಯ ಅಹವಾಲು ಹೇಳುತ್ತಿದ್ದರು, ದಿವಾನರು ಕೇಳುತ್ತಿದ್ದರು. ಆದರೂ ಅಲ್ಲಿ ಒಂದು ವಿಶೇಷವಿತ್ತು: ಹೇಳಿದ ಮಾತು ನಡವಳಿಯಲ್ಲಿ ಅಚ್ಚಾಗುತ್ತಿತ್ತು. ಕೆರೆಯ ಹೂಳಿನ ಮಾತು ಒಬ್ಬ ರೈತನದಾಗಿ ಉಳಿಯದೆ ತಾಲ್ಲೂಕಿನದಾಗುತ್ತಿತ್ತು.

ಇಂದು ಆ ಪರಿವರ್ತನೆ ನಡೆಯಬೇಕಾದ ಸ್ಥಳ ವಿಧಾನಸಭೆಯ ಪ್ರಶ್ನೋತ್ತರ. ಮಾದರಿಗಾಗಿ ಒಂದು ಕಲ್ಪಿತ ಅಹವಾಲನ್ನು ತೆಗೆದುಕೊಳ್ಳೋಣ. 'ಅಣ್ಣಾ, ನಾಲ್ಕು ದಿನ ಆಯ್ತು ನೀರು ಬಂದು. ಮನೇಲಿ ಬಾಣಂತಿ ಅವ್ಳೆ. ಟ್ಯಾಂಕರಿಗೆ ಎಲ್ಲಿಂದ ದುಡ್ಡು ತರ್ಲಿ?' ಇದೇ ಸಭೆಯ ಭಾಷೆಯಲ್ಲಿ ಹೀಗಾಗುತ್ತದೆ: '(ಅ) ವಿಜಯನಗರ ವಿಧಾನಸಭಾ ಕ್ಷೇತ್ರ ವ್ಯಾಪ್ತಿಯಲ್ಲಿ ಕುಡಿಯುವ ನೀರಿನ ಪೂರೈಕೆಯಲ್ಲಿ ವ್ಯತ್ಯಯ ಉಂಟಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?' ಬಾಣಂತಿ ಮರೆಯಾದಳು, ದುಡ್ಡಿನ ಪ್ರಶ್ನೆಯೂ ಮರೆಯಾಯಿತು. ಪ್ರತಿಯಾಗಿ ಕ್ಷೇತ್ರ ಕಾಣಿಸಿಕೊಂಡಿತು. ಇದನ್ನು ನಷ್ಟವೆಂದಷ್ಟೇ ಕಾಣುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಬಾಗಿಲಲ್ಲಿ ಹೇಳಿದ ಮಾತಿಗೆ ಸಿಗುವುದು ಒಂದು ಮನೆಗೆ ಒಂದು ಟ್ಯಾಂಕರು. ಪ್ರಶ್ನೆಗೆ ಸಚಿವರು ಲಿಖಿತವಾಗಿ ಉತ್ತರಿಸಲೇಬೇಕು, ಆ ಉತ್ತರ ಬಾಯಿಬಿಡದ ನೆರೆಮನೆಗೂ ಸಲ್ಲುತ್ತದೆ. ಗುರುತು ಹೇಳಿಕೊಳ್ಳಲು ಯಾರೂ ಇಲ್ಲದ ಬಾಡಿಗೆದಾರರು, ಈ ಮಾತಿನ ಕ್ರಮ ತಿಳಿಯದ ಹೊರಗಿನ ಕೂಲಿಗಳು ಆ ಬಾಗಿಲಿಗೆ ಬರುವುದು ಕಡಿಮೆ ಎಂಬುದನ್ನು ನೆನೆದರೆ ಈ ವ್ಯತ್ಯಾಸ ಸಣ್ಣದಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರ ಕರ್ನಾಟಕ ಅಧಿನಿಯಮ ವಿಧಿಸಿದರೂ ಸಭೆ ಅಷ್ಟು ದಿನ ಸೇರುವುದು ಅಪರೂಪ. ಸಭೆ ಸೇರದ ದಿನಗಳಲ್ಲಿ ಅಹವಾಲಿಗೆ ಬಾಗಿಲೊಂದೇ ಗತಿ.

ಸಂಗ್ರಹದ ದೃಷ್ಟಿಯಿಂದ ಒಂದು ಮಾತು. 1881ರ ಸಭೆಯ ನಡವಳಿ ಗ್ರಂಥಾಲಯಗಳಲ್ಲಿ ಸಿಗುತ್ತದೆ, ವಿಧಾನಸಭೆಯ ಪ್ರಶ್ನೋತ್ತರವೂ ಸಿಗುತ್ತದೆ. ಬಾಗಿಲಲ್ಲಿ ಆಡಿದ ಮಾತಿಗೆ ಯಾವ ದಾಖಲೆಯೂ ಇಲ್ಲ. ಇರುವುದು ಅದನ್ನು ಸಂಕ್ಷೇಪಿಸಿದ ಶಿಫಾರಸು ಪತ್ರದ ಪ್ರತಿ, ಅದೂ ಶಾಸಕರು ಬದಲಾದರೆ ಉಳಿಯುವ ಭರವಸೆಯಿಲ್ಲ. ಕ್ಷೇತ್ರಕಾರ್ಯಕ್ಕೆ ಹೋಗುವವರು ಹೇಳುವವರ ಒಪ್ಪಿಗೆ ಪಡೆದು, ಹೆಸರು, ಕಾಯಿಲೆ, ಸಾಲದ ವಿವರಗಳನ್ನು ಬಿಟ್ಟು, ಮಾತಿನ ಕ್ರಮವನ್ನೂ ಉತ್ತರದ ಕ್ರಿಯಾಪದವನ್ನೂ ಬರೆದುಕೊಳ್ಳುವುದು ವಿಹಿತ. ಧ್ವನಿಮುದ್ರಣ ಯಂತ್ರವನ್ನು ಮೇಜಿನ ಮೇಲಿಟ್ಟರೆ ಅಹವಾಲು ಅರ್ಜಿಯಾಗಿಬಿಡುತ್ತದೆ.